ಮೈಮೇಲೆ ಏಳುವ ಪಿತ್ತಗಂಧೆ

ಕೆಲವರು ಇದನ್ನು ಪಿತ್ತಗಂಧೆ ಎನ್ನುತ್ತಾರೆ, ಕೆಲವರು ಗಂಧೆ ಎಂದಷ್ಟೇ ಹೇಳುತ್ತಾರೆ, ಇನ್ನು ಕೆಲವರಿಗೆ ಅದು ಬರಿಯ ದದ್ದು. ಇಲ್ಲಿ ಮುಂಬಯಿಯಲ್ಲಿ ನಮ್ಮ ಮರಾಠಿ ನೆರೆಯವರು ಅಂಗದ ಮೇಲೆ ಪಿತ್ತ ಎದ್ದಿತು ಎನ್ನುತ್ತಾರೆ. ಉತ್ತರದ ಕಡೆಯವರೂ ಪಿತ್ತಿ ಎಂದೇ ಕರೆಯುತ್ತಾರೆ. ಭಾಷೆ ಬದಲಾದರೂ ಪಿತ್ತವೆಂಬ ಮಾತು ಬಿಡುವುದಿಲ್ಲ. ಆಯುರ್ವೇದದ ಮಾಧವನಿದಾನದಲ್ಲಿ ಶೀತಪಿತ್ತ, ಉದರ್ದ, ಕೋಠ ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಇಟ್ಟು ಇದರ ಲಕ್ಷಣಗಳನ್ನು ಹೇಳಿದೆ. ಪಾಶ್ಚಾತ್ಯ ವೈದ್ಯರ ಅರ್ಟಿಕೇರಿಯಾ ಎಂಬ ಹೆಸರಾದರೋ ಲ್ಯಾಟಿನ್ ಭಾಷೆಯಲ್ಲಿ ತುರಚಿ ಗಿಡಕ್ಕಿರುವ ಹೆಸರಿನಿಂದ ಬಂದುದು. ಮಲೆನಾಡಿನಲ್ಲಿ ಬೆಳೆದವರಿಗೆ ತುರಚಿ ಸೊಪ್ಪು ತಾಗಿದರೆ ಮೈ ಹೇಗೆ ಉರಿದು ದಪ್ಪಗಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ನಾವು ವೈದ್ಯರಲ್ಲ. ಗಿರಣಿಯೊಂದರ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು; ಓದು ಮ್ಯಾಟ್ರಿಕ್ಕಿನವರೆಗೆ. ಆದರೆ ರಜೆಚೀಟಿಗಳೆಲ್ಲ ನಮ್ಮ ಮೇಜಿನ ಮೇಲೆಯೇ ಹಾದುಹೋಗುವುದರಿಂದ ಯಾವ ಕಾಯಿಲೆ ಯಾರ ಸಂಬಳವನ್ನು ಎಷ್ಟು ದಿನ ತಿಂದಿತೆಂಬುದು ನಮಗೆ ಗೊತ್ತಾಗುತ್ತದೆ. ಪಿತ್ತಗಂಧೆಯ ರಜೆಚೀಟಿಗಳು ಕಡಿಮೆಯೇನಲ್ಲ. ನೂರು ಜನರಲ್ಲಿ ಸುಮಾರು 20 ಜನರಿಗೆ ಆಯುಷ್ಯದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಬಂದವರಲ್ಲಿ ಹೆಚ್ಚಿನವರಿಗೆ ರೋಗದಿಂದ ಆಗುವ ಕಷ್ಟ ಸ್ವಲ್ಪ, ತಪ್ಪು ತಿಳಿವಳಿಕೆಯಿಂದ ಆಗುವ ಕಷ್ಟ ಬಹಳ. ಅಪರೂಪಕ್ಕೆ ಒಬ್ಬರಿಗೆ ಮಾತ್ರ ಇದೇ ಪ್ರಾಣಾಪಾಯದ ಮುನ್ಸೂಚನೆ. ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ವಾಚಕರಿಗೆ ನೆರವಾಗಲೆಂದು, ಚರ್ಮವೈದ್ಯರನ್ನು ಕೇಳಿಯೂ ಪುಸ್ತಕಗಳನ್ನು ಓದಿಯೂ ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ರೋಗದ ಗುರುತು. ಚೆನ್ನಾಗಿದ್ದ ಚರ್ಮದ ಮೇಲೆ ಇದ್ದಕ್ಕಿದ್ದಂತೆ ನವೆ ಹುಟ್ಟಿ, ಸೊಳ್ಳೆ ಕಡಿದಂತೆ ಚರ್ಮ ಉಬ್ಬುತ್ತದೆ. ಉಬ್ಬಿದ ಭಾಗ ನಡುವೆ ತುಸು ಬಿಳಿಚಿಕೊಂಡು ಸುತ್ತಲೂ ಕೆಂಪಾಗಿರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಉಬ್ಬು ಮಾತ್ರ ಕಾಣಬಹುದು. ಸಾಸಿವೆ ಕಾಳಿನಷ್ಟು ಚಿಕ್ಕವೂ ಇರುತ್ತವೆ, ಅಂಗೈಯಗಲದವೂ ಇರುತ್ತವೆ. ಕೆಲವೊಮ್ಮೆ ಒಂದಕ್ಕೊಂದು ಕೂಡಿಕೊಂಡು ಭೂಪಟದ ದ್ವೀಪಗಳಂತೆ ಕಾಣುತ್ತವೆ. ಇವುಗಳ ಮುಖ್ಯ ಗುಣವೆಂದರೆ ಅಲೆಮಾರಿತನ. ಬೆಳಿಗ್ಗೆ ತೊಡೆಯ ಮೇಲಿದ್ದುದು ಮಧ್ಯಾಹ್ನಕ್ಕೆ ಇರುವುದಿಲ್ಲ. ಅಷ್ಟರಲ್ಲಿ ಬೆನ್ನಿನ ಮೇಲೆ ಹೊಸದು ಎದ್ದಿರುತ್ತದೆ. ಸಾಮಾನ್ಯವಾಗಿ ಯಾವ ಒಂದು ಗಂಧೆಯೂ ಒಂದೇ ಜಾಗದಲ್ಲಿ 24 ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಳಿದ ಮೇಲೆ ಕಲೆಯನ್ನಾಗಲಿ ಹೊಟ್ಟನ್ನಾಗಲಿ ಉಳಿಸುವುದಿಲ್ಲ. ಸಂಶಯವಿದ್ದವರು ಪೆನ್ನಿನಿಂದ ಒಂದು ಗಂಧೆಯ ಸುತ್ತ ಗೆರೆ ಎಳೆದು, ಹೊತ್ತು ಬರೆದಿಟ್ಟು, ಮರುದಿನ ನೋಡಬಹುದು. ಗೆರೆಯೊಳಗೆ ಅದೇ ಗಂಧೆ ಇನ್ನೂ ಇದ್ದರೆ, ನವೆಗಿಂತ ನೋವೇ ಹೆಚ್ಚಾಗಿದ್ದರೆ, ಇಲ್ಲವೆ ಇಳಿದ ಮೇಲೆ ಪೆಟ್ಟು ಬಿದ್ದಂತೆ ಕಂದಿದ ಗುರುತು ಉಳಿದರೆ, ಅದು ರಕ್ತನಾಳಗಳ ಉರಿಯೂತದ ಬೇರೆ ಕಾಯಿಲೆಯಾಗಿರಬಹುದು, ವೈದ್ಯರಿಗೆ ತೋರಿಸಲೇಬೇಕು.

ಗಜಕರ್ಣ ಹೀಗಲ್ಲ, ಅದು ವಾರಗಟ್ಟಲೆ ಒಂದೇ ಕಡೆ ಕುಳಿತು ಉಂಗುರದಂತೆ ಹಬ್ಬುತ್ತದೆ, ಅಂಚಿನಲ್ಲಿ ಹೊಟ್ಟು ಏಳುತ್ತದೆ. ಕಜ್ಜಿ ಬೆರಳ ಸಂದಿಯಲ್ಲಿ, ಸೊಂಟದ ಸುತ್ತ, ರಾತ್ರಿಯ ಹೊತ್ತು ಹೆಚ್ಚು. ಜೊತೆಯಲ್ಲಿ ಮಲಗುವವರೂ ಕೆರೆದುಕೊಳ್ಳುತ್ತಿರುತ್ತಾರೆ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜದ ರಸದಿಂದ ಕೆಲವರ ಕುತ್ತಿಗೆ, ಸೊಂಟ ಹುಣ್ಣಾಗುತ್ತಿದ್ದುದೂ ಇನ್ನೊಂದು ಬಗೆ: ಅದು ಸೋಂಕಿದ ಜಾಗದಲ್ಲಿಯೇ ಒಂದೆರಡು ದಿನ ಕಳೆದು ಏಳುತ್ತದೆ, ನೀರು ತುಂಬಿದ ಬೊಬ್ಬೆಯಾಗುತ್ತದೆ, ದಿನಗಟ್ಟಲೆ ಇರುತ್ತದೆ. ಗಜಕರ್ಣ, ಕಜ್ಜಿಗಳು ಒಬ್ಬರಿಂದೊಬ್ಬರಿಗೆ ಅಂಟುತ್ತವೆ. ಪಿತ್ತಗಂಧೆ ಅಂಟುವುದಿಲ್ಲ.

ಈ ಕೊನೆಯ ವಾಕ್ಯವನ್ನು ದಪ್ಪಕ್ಷರದಲ್ಲಿ ಬರೆದು ಪ್ರತಿ ಖೋಲಿಯ ಬಾಗಿಲಿಗೆ ಅಂಟಿಸಬೇಕೆಂದು ನಮಗೆ ಅನ್ನಿಸಿದ್ದುಂಟು. ನಮ್ಮ ಗಿರಣಿಯ ನೂಲುವ ಖಾತೆಯಲ್ಲಿ ವಿಜಾಪುರದ ಕಡೆಯ ಗೆಳೆಯರೊಬ್ಬರಿದ್ದಾರೆ. ಆರು ಜನ ಸೇರಿ ಇರುವ ಖೋಲಿ. ಇವರಿಗೆ ದಿನಾಲೂ ಗಂಧೆ ಏಳತೊಡಗಿ ಎರಡು ತಿಂಗಳಾದಾಗ, ಖೋಲಿಯ ಹಿರಿಯರು ಕರೆದು, “ತಮ್ಮಾ, ಸಿಟ್ಟಾಗಬ್ಯಾಡ, ನಿನ್ನ ತಂಬಿಗಿ ಗಂಗಾಳ ಬ್ಯಾರೆ ಇಟ್ಕೊ, ಹಾಸಿಗಿ ಗ್ಯಾಲರ್ಯಾಗ ಹಾಕ್ಕೊ” ಎಂದರಂತೆ. ಇವರು “ಆತ್ರೀ ಕಾಕಾ” ಎಂದು ಮಾತಾಡದೆ ಹೊರಗೆ ಮಲಗತೊಡಗಿದರು. ಹಿರಿಯರದು ಕೆಟ್ಟ ಮನಸ್ಸಲ್ಲ, ಹೆದರಿಕೆ ಅಷ್ಟೆ. ಆದರೆ ಸುದ್ದಿ ಊರಿಗೆ ಮುಟ್ಟಿತು. ನಿಶ್ಚಯವಾಗುವ ಹಂತದಲ್ಲಿದ್ದ ಮದುವೆಯ ಮಾತು, ಹುಡುಗನಿಗೆ ಚರ್ಮರೋಗವಂತೆ ಎಂದು ಅಲ್ಲಿಗೇ ನಿಂತಿತು. ಯಾವ ಕ್ರಿಮಿಯೂ ಇಲ್ಲದ, ಮುಟ್ಟಿದರೆ ಹರಡದ, ಕಲೆ ಕೂಡ ಉಳಿಸದ ಕಾಯಿಲೆಗೆ ಇಷ್ಟು ದಂಡ ತೆತ್ತ ಅವರ ವಿಷಯವನ್ನು ಮುಂದೆ ಮತ್ತೆ ಹೇಳಬೇಕಾಗಿದೆ.

ಚರ್ಮದೊಳಗೆ ನಡೆಯುವುದೇನು ಎಂಬುದನ್ನು ಈಗ ನೋಡೋಣ. ನಮ್ಮ ಚರ್ಮದಲ್ಲಿ, ಸಣ್ಣ ರಕ್ತನಾಳಗಳ ಮತ್ತು ನರಗಳ ಆಸುಪಾಸಿನಲ್ಲಿ, ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಇವನ್ನು ಹೆಸರಿಟ್ಟು ಕರೆದವನು ಜರ್ಮನಿಯ ಪಾಲ್ ಎರ್ಲಿಕ್, 1878ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಬಟ್ಟೆಗೆ ಬಣ್ಣ ಹಾಕಲು ಆಗ ಹೊಸದಾಗಿ ಬಂದಿದ್ದ ಅನಿಲಿನ್ ಬಣ್ಣಗಳನ್ನು ಮಾಂಸದ ತೆಳುಪದರಗಳಿಗೆ ಹಚ್ಚಿ ನೋಡಿದಾಗ, ಈ ಕೋಶಗಳ ಹೊಟ್ಟೆಯಲ್ಲಿ ಕಾಳುಕಾಳಾಗಿ ತುಂಬಿದ್ದ ವಸ್ತು ಅವನಿಗೆ ಕಾಣಿಸಿತು. ಬಟ್ಟೆಯ ಬಣ್ಣ ವೈದ್ಯಶಾಸ್ತ್ರಕ್ಕೂ ಉಪಕಾರ ಮಾಡಿತೆಂದು ಗಿರಣಿಯವರಾದ ನಾವು ಸ್ವಲ್ಪ ಹೆಮ್ಮೆಪಟ್ಟರೆ ತಪ್ಪಿಲ್ಲ. ಆ ಕಾಳುಗಳಲ್ಲಿರುವ ಮುಖ್ಯ ದ್ರವ್ಯವೇ ಹಿಸ್ಟಮೀನ್. ಅದು ದೇಹದ ಮೇಲೆ ಮಾಡುವ ಕೆಲಸವನ್ನು 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಯ್ಡ್‌ಲಾ ಎಂಬುವರು ವಿವರಿಸಿದರು.

ಕಾವಲುಗಾರನನ್ನು ಯಾವುದಾದರೂ ಕೆಣಕಿದರೆ ಅವನು ತನ್ನಲ್ಲಿರುವ ಕಾಳುಗಳನ್ನು ಒಮ್ಮೆಲೆ ಹೊರಕ್ಕೆ ಚೆಲ್ಲುತ್ತಾನೆ. ಹಿಸ್ಟಮೀನ್ ತಾಗಿದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ: ಅದೇ ಕೆಂಪು. ನಾಳದ ಗೋಡೆ ಸಡಿಲಾಗಿ ರಕ್ತದ ನೀರಿನಂಶ ಚರ್ಮದೊಳಕ್ಕೆ ಒಸರುತ್ತದೆ: ಅದೇ ಉಬ್ಬು. ನರದ ತುದಿ ಕೆರಳುತ್ತದೆ: ಅದೇ ನವೆ. ಕೆಲವು ಗಂಟೆಗಳಲ್ಲಿ ಆ ನೀರು ಮರಳಿ ಹೀರಿಹೋಗುವುದರಿಂದ ಗಂಧೆ ಮಾಯವಾಗುತ್ತದೆ. ಇದೇ ಒಸರುವಿಕೆ ಚರ್ಮದ ಆಳದ ಪದರದಲ್ಲಿ ಆದರೆ ಕಣ್ಣಿನ ರೆಪ್ಪೆ, ತುಟಿ, ಅಂಗೈ, ಅಂಗಾಲುಗಳು ಬಾತುಕೊಳ್ಳುತ್ತವೆ. ಇಳಿಯಲು ಎರಡು ಮೂರು ದಿನ ಬೇಕಾಗಬಹುದು. ಯಕೃತ್ತಿನಲ್ಲಿ ಹುಟ್ಟುವ ಹಳದಿ ಪಿತ್ತರಸಕ್ಕೂ ಇದಕ್ಕೂ ಸಂಬಂಧವಿಲ್ಲ. ಆದುದರಿಂದ ಪಿತ್ತ ಇಳಿಸಲೆಂದು ಭೇದಿಗೆ ತೆಗೆದುಕೊಳ್ಳುವುದರಿಂದ ಹೊಟ್ಟೆ ಖಾಲಿಯಾಗುವುದೇ ಹೊರತು ಗಂಧೆ ಖಾಲಿಯಾಗುವುದಿಲ್ಲ.

ಕಾವಲುಗಾರನನ್ನು ಕೆಣಕುವವರು ಯಾರು ಎಂಬುದೇ ಎಲ್ಲರ ಪ್ರಶ್ನೆ. ಇಲ್ಲಿ ವೈದ್ಯರು ಕಾಲವನ್ನು ನೋಡಿ ಎರಡು ಭಾಗ ಮಾಡುತ್ತಾರೆ. ಆರು ವಾರದೊಳಗೆ ಮುಗಿಯುವುದು ಒಂದು. ಆರು ವಾರ ದಾಟಿಯೂ ಬಿಡದೆ ಬರುವುದು ಇನ್ನೊಂದು. ಈ ಲೆಕ್ಕ ಬಹಳ ಮುಖ್ಯ, ಏಕೆಂದರೆ ಎರಡರ ಕಾರಣಗಳೂ ಬೇರೆ.

ಬೇಗ ಮುಗಿಯುವ ಬಗೆಯಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ನೆಗಡಿ ಜ್ವರಗಳಂಥ ಸೋಂಕೇ ಬಹುಮಟ್ಟಿಗೆ ಕಾರಣ. ಅನ್ನಪದಾರ್ಥಗಳಲ್ಲಿ ಶೇಂಗಾ, ಗೋಡಂಬಿ, ಮೊಟ್ಟೆ, ಹಾಲು, ಸೀಗಡಿ, ಏಡಿ, ಮೀನು ಇವು ಒಗ್ಗದವರು ಇದ್ದಾರೆ. ಜೇನುನೊಣ, ಕಣಜಗಳ ಕಡಿತ ಮತ್ತೊಂದು. ಔಷಧಗಳಲ್ಲಿ ಪೆನಿಸಿಲಿನ್ ಜಾತಿಯವು, ಸಲ್ಫಾ ಜಾತಿಯವು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನಾವು ಚಹಾದಂಗಡಿಯ ಪಕ್ಕದಲ್ಲಿಯೇ ಕೊಂಡು ನುಂಗುವ ಮೈಕೈ ನೋವಿನ ಗುಳಿಗೆಗಳು: ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್. ಇವು ಹೊಸದಾಗಿ ಗಂಧೆ ಎಬ್ಬಿಸುವುದೂ ಉಂಟು, ಇರುವ ಗಂಧೆಯನ್ನು ಹೆಚ್ಚಿಸುವುದೂ ಉಂಟು. ನೋವು ಜ್ವರಗಳಿಗೆ ಪ್ಯಾರಸಿಟಮಾಲ್ ಇಂಥವರಲ್ಲಿ ಬಹುಮಂದಿಗೆ ಒಗ್ಗುತ್ತದೆ. ಯಾವುದಾದರೂ ಔಷಧದಿಂದ ಒಮ್ಮೆ ಗಂಧೆ ಎದ್ದಿದ್ದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆದು ಹಣದ ಪಾಕೀಟಿನಲ್ಲಿಯೇ ಇಟ್ಟುಕೊಂಡಿರಬೇಕು. ಬಿಳಿ ಗುಳಿಗೆ ಎಂದರೆ ಯಾವ ವೈದ್ಯರಿಗೂ ತಿಳಿಯುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಮೊದಲಾದ ‘ಪ್ರಿಲ್’ ಎಂದು ಮುಗಿಯುವ ಗುಳಿಗೆಗಳಿಂದ ಕೆಲವರಿಗೆ ನವೆಯಾಗಲಿ ಗಂಧೆಯಾಗಲಿ ಇಲ್ಲದೆ ತುಟಿ ನಾಲಿಗೆಗಳು ಬಾತುಕೊಳ್ಳುತ್ತವೆ. ಅದು ತಿಂಗಳುಗಟ್ಟಲೆ ಗುಳಿಗೆ ನುಂಗಿದ ಮೇಲೂ ಬರಬಹುದಾದ್ದರಿಂದ ಯಾರಿಗೂ ಗುಳಿಗೆಯ ಮೇಲೆ ಸಂಶಯವೇ ಬರುವುದಿಲ್ಲ.

ಮೀನಿನ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ವಾಚಕರಲ್ಲಿ ಕರಾವಳಿಯವರು ಬಹಳ. ಬಂಗಡೆ ಉಂಡು ಅರ್ಧ ಗಂಟೆಯಲ್ಲಿ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಡವಗುಟ್ಟಿ, ಮೈತುಂಬ ಗಂಧೆ ಎದ್ದರೆ, ತನಗೆ ಮೀನು ಒಗ್ಗದೆಂದು ಜನ್ಮಪೂರ್ತಿ ಬಂಗಡೆ ಬಿಟ್ಟವರನ್ನು ನಾವು ಬಲ್ಲೆವು. ಎಷ್ಟೋ ವೇಳೆ ಅದು ಒಗ್ಗದಿರುವುದಲ್ಲ, ಮೀನು ಕೆಟ್ಟಿರುವುದು. ಬಂಗಡೆ, ಬೂತಾಯಿ, ಟ್ಯೂನಾ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ವಸ್ತು ಹೆಚ್ಚು. ಹಿಡಿದ ಕೂಡಲೆ ಮಂಜುಗಡ್ಡೆಯಲ್ಲಿ ಇಡದೆ ಹೋದರೆ ಸೂಕ್ಷ್ಮಜೀವಿಗಳು ಅದನ್ನು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮೀನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಅಂದರೆ ಮಾಸ್ಟ್ ಕೋಶ ಚೆಲ್ಲಬೇಕಾದುದನ್ನು ನಾವು ತಟ್ಟೆಯಿಂದಲೇ ಉಂಡಂತಾಯಿತು. ಮೀನು ನೋಡಲು ಚೆನ್ನಾಗಿಯೇ ಇರಬಹುದು. ಕೆಲವೊಮ್ಮೆ ಬಾಯಿಗೆ ಮೆಣಸಿನ ಚುರುಕು ತಾಗುತ್ತದೆ. ಇದನ್ನು ಗುರುತಿಸುವ ಉಪಾಯ ಸುಲಭ: ಅದೇ ಮೀನು ಉಂಡ ಇತರರಿಗೂ ಹೀಗಾಯಿತೇ? ಮೊದಲು ಹಲವು ಸಲ ಬಂಗಡೆ ಉಂಡು ಸುಖವಾಗಿದ್ದುದುಂಟೇ? ಹೌದಾದರೆ ದೋಷ ಮೀನಿನ ಬುಟ್ಟಿಯದು, ಉಂಡವನದಲ್ಲ. ಪ್ರತಿ ಸಲವೂ, ಒಬ್ಬನಿಗೆ ಮಾತ್ರ, ತಾಜಾ ಮೀನಿನಿಂದಲೂ ಆದರೆ ಆಗ ಅದು ನಿಜವಾದ ಅಲರ್ಜಿ. ಅಂಥವರು ಸ್ವಲ್ಪವೂ ರುಚಿ ನೋಡಕೂಡದು.

ಅಲರ್ಜಿ ಎಂಬ ಪದವನ್ನು 1906ರಲ್ಲಿ ಆಸ್ಟ್ರಿಯಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಹುಟ್ಟಿಸಿದನು. ಅದಕ್ಕೂ ಮೊದಲು, 1902ರಲ್ಲಿ, ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತ್ಯೆ ಎಂಬುವರು ಸಮುದ್ರಜೀವಿಯ ವಿಷವನ್ನು ನಾಯಿಗಳಿಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ ಅವಕ್ಕೆ ರಕ್ಷಣೆ ಬರುವುದೇನೋ ಎಂದು ನೋಡಿದರು. ರಕ್ಷಣೆಯ ಬದಲು, ಕೆಲವು ವಾರಗಳ ಮೇಲೆ ಕೊಟ್ಟ ಬಹು ಸಣ್ಣ ಪ್ರಮಾಣಕ್ಕೆ ನಾಯಿ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಬಿದ್ದಿತು. ಇದಕ್ಕೆ ಅವರು ಅನಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. ರಿಶೆಗೆ 1913ರಲ್ಲಿ ನೊಬೆಲ್ ಬಹುಮಾನ ಬಂದಿತು. ಮೊದಲ ಸಲ ಏನೂ ಆಗಿರಲಿಲ್ಲ ಎಂಬುದು ಎರಡನೆಯ ಸಲಕ್ಕೆ ಅಭಯವಲ್ಲವೆಂದು ಈ ಪ್ರಯೋಗ ಕಲಿಸಿತು.

ಆದುದರಿಂದ ಅಪಾಯದ ಲಕ್ಷಣಗಳನ್ನು ಪ್ರತಿಯೊಬ್ಬರೂ ಬಾಯಿಪಾಠ ಮಾಡಿರಬೇಕು. ಗಂಧೆಯ ಜೊತೆಗೆ ನಾಲಿಗೆ ಅಥವಾ ಗಂಟಲು ಬಾತು ನುಂಗಲು ಕಷ್ಟವಾಗುವುದು, ದನಿ ಗೊಗ್ಗರಾಗುವುದು, ಉಸಿರಾಟದಲ್ಲಿ ಸಿಳ್ಳಿನಂಥ ಸದ್ದು, ಎದೆ ಬಿಗಿಯುವುದು, ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು, ಮೇಲಿಂದ ಮೇಲೆ ವಾಂತಿ. ಇವುಗಳಲ್ಲಿ ಒಂದು ಕಂಡರೂ ಗುಳಿಗೆ ಹುಡುಕುತ್ತ ಕುಳಿತುಕೊಳ್ಳಕೂಡದು. ಆಗ ಬೇಕಾದುದು ಅಡ್ರಿನಲಿನ್ ಎಂಬ ಔಷಧ. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚುತ್ತಾರೆ, ಮತ್ತು ಎಷ್ಟು ಬೇಗ ಚುಚ್ಚಿದರೆ ಅಷ್ಟು ಒಳ್ಳೆಯದು. 108 ಅಥವಾ 112ಕ್ಕೆ ಫೋನು ಮಾಡಿ, ಇಲ್ಲವೆ ಸಿಕ್ಕಿದ ವಾಹನದಲ್ಲಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಿ ಇಡಬೇಕು. ಉಸಿರಿಗೆ ಕಷ್ಟವಿದ್ದರೆ ಒರಗಿ ಕೂರಿಸಬಹುದು. ಎಬ್ಬಿಸಿ ನಡೆಸಿಕೊಂಡು ಮಾಳಿಗೆ ಇಳಿಸುವುದು ಮಾತ್ರ ಬೇಡವೇ ಬೇಡ. ಒಮ್ಮೆಲೆ ಎದ್ದುನಿಂತಾಗ ರಕ್ತದೊತ್ತಡ ಕುಸಿದು ಪ್ರಾಣ ಹೋದುದುಂಟು. ನಾಲ್ಕು ಮಾಳಿಗೆಯ ಚಾಳಿನಲ್ಲಿ ಇದು ಕಷ್ಟವೆಂದು ನಮಗೂ ಗೊತ್ತು; ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿ ಇಬ್ಬರು ಮೂವರು ಹೊತ್ತು ಇಳಿಸುವುದು ನಡೆಸುವುದಕ್ಕಿಂತ ಮೇಲು. ಆಸ್ಪತ್ರೆಯಲ್ಲಿ ಗುಣ ಕಂಡ ಮೇಲೂ ಕೆಲವು ಗಂಟೆ ಇರಿಸಿಕೊಳ್ಳುತ್ತಾರೆ; ಇಳಿದುದು ಮತ್ತೆ ಏಳಬಹುದಾದ್ದರಿಂದ ಅವಸರ ಮಾಡಿ ಹೊರಡಬಾರದು.

ಇನ್ನು ಆರು ವಾರ ದಾಟಿದ ಗಂಧೆ. ನೂರರಲ್ಲಿ ಸುಮಾರು ಒಬ್ಬರಿಗೆ ಬರುವ ಈ ಬಗೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಲ್ಲಿಯೇ ಜನ ದಾರಿ ತಪ್ಪುವುದು. ನಮ್ಮ ಗೆಳೆಯರು ಮೊದಲು ಬದನೆಕಾಯಿ ಬಿಟ್ಟರು. ಆಮೇಲೆ ಯಾರೋ ಹೇಳಿದರೆಂದು ಮೊಟ್ಟೆ, ಅನಂತರ ಶೇಂಗಾ ಚಟ್ನಿ, ತೊಗರಿಬೇಳೆ, ಮೊಸರು, ಹುಣಸೆಹಣ್ಣು. ಕೊನೆಗೆ ಅನ್ನ ಮತ್ತು ಹೆಸರುಬೇಳೆಯ ನೀರಿನ ಮೇಲೆ ಎಂಟು ಗಂಟೆಯ ರಾತ್ರಿ ಪಾಳಿ ಮಾಡುತ್ತಿದ್ದರು. ಮೈ ಇಳಿಯಿತು, ಗಂಧೆ ಇಳಿಯಲಿಲ್ಲ. ತಿಂಗಳುಗಟ್ಟಲೆ ದಿನಾಲೂ ಏಳುವ ಗಂಧೆಗೆ ಅನ್ನಪದಾರ್ಥದ ಅಲರ್ಜಿ ಕಾರಣವಾಗಿರುವುದು ಬಹಳ ಅಪರೂಪ. ಅನ್ನದ ಅಲರ್ಜಿಗೆ ಒಂದು ಶಿಸ್ತಿದೆ: ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಬರುತ್ತದೆ, ತಿಂದಾಗಲೆಲ್ಲ ಬರುತ್ತದೆ, ತಿನ್ನದಿದ್ದರೆ ಬರುವುದಿಲ್ಲ. ಬದನೆಕಾಯಿ ತಿಂದ ದಿನವೂ ಬರುತ್ತದೆ, ತಿನ್ನದ ದಿನವೂ ಬರುತ್ತದೆ ಎಂದರೆ ಬದನೆಕಾಯಿ ಮಾಡಿದ ಅಪರಾಧವೇನು?

ನಿಜವಾದ ಕಾರಣ ಬಹಳ ಮಂದಿಯಲ್ಲಿ ದೇಹದ ಒಳಗೇ ಇರುತ್ತದೆ. 1966ರಲ್ಲಿ ಜಪಾನಿನ ಇಶಿಜಾಕಾ ದಂಪತಿಗಳು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದಾಗ, ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯವನ್ನು ಕಂಡುಹಿಡಿದರು. ಹೊರಗಿನ ವಸ್ತುವನ್ನು ಹಿಡಿಯಲೆಂದು ಅದು ಮಾಸ್ಟ್ ಕೋಶದ ಮೈಮೇಲೆ ಕೊಕ್ಕೆಯಂತೆ ಕುಳಿತಿರುತ್ತದೆ. ದೀರ್ಘಕಾಲದ ಗಂಧೆಯಲ್ಲಿ ಅನೇಕರ ದೇಹ ಆ ಕೊಕ್ಕೆಯ ಮೇಲೆಯೋ, ಕೊಕ್ಕೆ ಕೂರುವ ಗೂಡಿನ ಮೇಲೆಯೋ ತಾನೇ ಪ್ರತಿಕಾಯಗಳನ್ನು ಮಾಡಿಕೊಂಡು ಕಾವಲುಗಾರನನ್ನು ಸುಮ್ಮಸುಮ್ಮನೆ ಎಬ್ಬಿಸುತ್ತಿರುತ್ತದೆ. ಕಳ್ಳನಿಲ್ಲದೆ ಕೂಗುವ ಕಾವಲು. ಥೈರಾಯ್ಡ್ ಗ್ರಂಥಿಯ ತೊಂದರೆ ಇಂಥವರಲ್ಲಿ ಇತರರಿಗಿಂತ ಹೆಚ್ಚಾಗಿ ಕಾಣುವುದರಿಂದ ವೈದ್ಯರು ಅದರ ರಕ್ತಪರೀಕ್ಷೆ ಮಾಡಿಸುವುದುಂಟು. ಜಂತುಹುಳುವಿನ ಸಂಶಯವಿದ್ದರೆ ಮಲಪರೀಕ್ಷೆ. ನೂರಾರು ಪದಾರ್ಥಗಳ ಹೆಸರು ಬರೆದು ಸಾವಿರಾರು ರೂಪಾಯಿ ತೆಗೆದುಕೊಳ್ಳುವ ದೊಡ್ಡ ಅಲರ್ಜಿ ಪಟ್ಟಿಗಳಿಂದ ಈ ಬಗೆಯ ಗಂಧೆಗೆ ಪ್ರಯೋಜನ ತೀರ ಕಡಿಮೆ. ಆ ಹಣವನ್ನು ಉಣ್ಣುವುದಕ್ಕೆ ಬಳಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಕೆಲವರ ಮಾಸ್ಟ್ ಕೋಶ ಬರಿಯ ಶಾಖ, ಚಳಿ, ಒತ್ತಡಗಳಿಗೇ ಕೆರಳುತ್ತದೆ. ಬೆನ್ನಿನ ಮೇಲೆ ಉಗುರಿನಿಂದ ಗೆರೆ ಎಳೆದರೆ ಐದಾರು ನಿಮಿಷಗಳಲ್ಲಿ ಗೆರೆ ಉಬ್ಬಿ ನಿಲ್ಲುತ್ತದೆ, ಹೆಸರನ್ನೇ ಬರೆಯಬಹುದು. ಸೊಂಟದ ಪಟ್ಟಿ ಬಿಗಿದ ಕಡೆ, ಏಣಿಯ ಮೇಲೆ ನಿಂತ ಅಂಗಾಲಿನಲ್ಲಿ, ನಾಲ್ಕಾರು ಗಂಟೆಗಳ ಮೇಲೆ ಬಾವು ಬರುವವರಿದ್ದಾರೆ. ಬೆವರಿದಾಗ, ಬಿಸಿನೀರು ಮಿಂದಾಗ, ಖಾರ ಉಂಡಾಗ ಗುಂಡುಸೂಜಿಯ ತಲೆಯಷ್ಟು ಸಣ್ಣ ಗಂಧೆಗಳು ಎದ್ದು ಚುಚ್ಚಿದಂತಾಗುವುದು ಹರೆಯದವರಲ್ಲಿ ಹೆಚ್ಚು. ನೂಲಿನ ಎಳೆ ಕಡಿಯದಿರಲೆಂದು ಗಾಳಿಯನ್ನು ತೇವವಾಗಿ ಇಡುವ ನಮ್ಮ ಖಾತೆಗಳಲ್ಲಿ ಇದನ್ನು ಹತ್ತಿಯ ಧೂಳಿನ ಮೇಲೆ ಹೊರಿಸಿಬಿಡುತ್ತಾರೆ. ತಣ್ಣೀರು, ತಂಗಾಳಿಗೆ ಗಂಧೆ ಏಳುವವರು ಕೆರೆ, ಸಮುದ್ರಗಳಲ್ಲಿ ಧುಮುಕಿ ಈಜಕೂಡದು. ಇಡೀ ಮೈಗೆ ಒಮ್ಮೆಲೆ ಚಳಿ ತಾಗಿದರೆ ಪ್ರಜ್ಞೆ ತಪ್ಪುವ ಭಯವಿದೆ.

ಮದ್ದಿನ ವಿಷಯ. ಹಿಸ್ಟಮೀನನ್ನು ತಡೆಯುವ ಔಷಧಗಳ ಮೇಲಿನ ಸಂಶೋಧನೆಗಳಿಗಾಗಿಯೂ ಸೇರಿ ಡೇನಿಯಲ್ ಬೊವೆಗೆ 1957ರಲ್ಲಿ ನೊಬೆಲ್ ಬಂದಿತು. ಹಳೆಯ ತಲೆಮಾರಿನ ಗುಳಿಗೆಗಳಲ್ಲಿ ನಮ್ಮ ಜನಕ್ಕೆ ಚಿರಪರಿಚಿತವಾದುದು ಅವಿಲ್. ನವೆ ನಿಲ್ಲಿಸುತ್ತದೆ, ಆದರೆ ನಿದ್ದೆ ತರುತ್ತದೆ. ನಿದ್ದೆ ಬಂದಂತೆ ಅನಿಸದಿದ್ದರೂ ಕೈಯ ಚುರುಕು ಕಡಿಮೆಯಾಗಿರುತ್ತದೆ. ಅದನ್ನು ನುಂಗಿ ಯಂತ್ರದ ಮುಂದೆ ನಿಲ್ಲುವುದು, ರಿಕ್ಷಾ ಓಡಿಸುವುದು, ಏಣಿ ಹತ್ತುವುದು ಕೈ ಬೆರಳುಗಳ ಮೇಲೆ ಪಣ ಕಟ್ಟಿದಂತೆ. ಅಂಗಡಿಯ ನೆಗಡಿ ಗುಳಿಗೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಕೂಡ ಇದೇ ಜಾತಿಯದು. ಈಗ ವೈದ್ಯರು ಮೊದಲು ಬರೆದುಕೊಡುವುದು ಎರಡನೆಯ ತಲೆಮಾರಿನ ಗುಳಿಗೆಗಳನ್ನು: ಸೆಟಿರಿಜಿನ್, ಲಿವೊಸೆಟಿರಿಜಿನ್, ಲೊರಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್. ಇವುಗಳಲ್ಲಿ ಮಂಪರು ಕಡಿಮೆ. ಸೆಟಿರಿಜಿನ್ ಕೆಲವರಿಗೆ ಸ್ವಲ್ಪ ತೂಕಡಿಕೆ ತರುವುದರಿಂದ ಮೊದಲ ಗುಳಿಗೆಯನ್ನು ರಜೆಯ ದಿನ ರಾತ್ರಿ ತೆಗೆದುಕೊಂಡು ನೋಡುವುದು ಜಾಣತನ. ಜನೌಷಧಿ ಅಂಗಡಿಗಳಲ್ಲಿ ಸೆಟಿರಿಜಿನ್ ಬಹು ಅಗ್ಗ.

ಗುಳಿಗೆಯ ಬಳಕೆಯಲ್ಲಿ ಒಂದು ಗುಟ್ಟಿದೆ. ಗಂಧೆ ಎದ್ದ ಮೇಲೆ ನುಂಗಿದರೆ ಅರ್ಧ ಫಲ. ಹಿಸ್ಟಮೀನ್ ಬಂದು ಕೂರುವ ಜಾಗದಲ್ಲಿ ಮೊದಲೇ ಹೋಗಿ ಕುಳಿತುಕೊಳ್ಳುವುದೇ ಈ ಗುಳಿಗೆಯ ಕೆಲಸ. ಲೋಕಲ್ ಗಾಡಿಯಲ್ಲಿ ಜಾಗ ಹಿಡಿದಂತೆ. ಆದುದರಿಂದ ದೀರ್ಘಕಾಲದ ಗಂಧೆಯವರು ಗಂಧೆ ಇದ್ದರೂ ಇಲ್ಲದಿದ್ದರೂ ವೈದ್ಯರು ಹೇಳಿದಷ್ಟು ಕಾಲ ದಿನಕ್ಕೊಂದರಂತೆ ತಪ್ಪದೆ ತೆಗೆದುಕೊಳ್ಳಬೇಕು. ಒಂದರಿಂದ ಹಿಡಿತಕ್ಕೆ ಬಾರದಿದ್ದರೆ ವೈದ್ಯರು ನಾಲ್ಕು ಪಟ್ಟಿನವರೆಗೆ ಏರಿಸುವುದುಂಟು. ಅದನ್ನು ನಾವೇ ಮಾಡಿಕೊಳ್ಳುವುದು ಸಲ್ಲದು. ಮೂತ್ರಪಿಂಡದ ಕಾಯಿಲೆಯವರು, ಬಸುರಿ ಬಾಣಂತಿಯರು, ಕೈಗೂಸುಗಳ ತಾಯಂದಿರು ಕೇಳದೆ ಯಾವುದನ್ನೂ ಕೊಳ್ಳಬಾರದು. ಇವುಗಳಿಂದಲೂ ಬಗ್ಗದವರಿಗೆ ಐಜಿಇಯನ್ನೇ ಹಿಡಿದಿಡುವ ಓಮಲಿಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ಅಮೆರಿಕದಲ್ಲಿ 2014ರಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆಯಿತು. ಗುಣವಿದೆ, ಬೆಲೆ ನಮ್ಮಂಥವರಿಗೆ ನಿಲುಕುವುದು ಕಷ್ಟ.

ಬೇಗ ಗುಣವಾಗಬೇಕೆಂಬ ಆತುರದಲ್ಲಿ ಜನ ಬೀಳುವ ಹಳ್ಳ ಸ್ಟಿರಾಯ್ಡು. ನಮ್ಮ ಗೆಳೆಯರಿಗೆ ಹತ್ತಿರದ ದವಾಖಾನೆಯೊಂದರಲ್ಲಿ ಹದಿನೈದು ದಿನಕ್ಕೊಂದು ಇಂಜೆಕ್ಷನ್ ಕೊಡುತ್ತಿದ್ದರು. ಕೊಟ್ಟ ಸಂಜೆ ಮೈ ಕನ್ನಡಿಯಂತಾಗುತ್ತಿತ್ತು. ಪ್ರಭಾವ ತೀರಿದೊಡನೆ ಮೊದಲಿಗಿಂತ ಜೋರಾಗಿ ಏಳುತ್ತಿತ್ತು. ನಾಲ್ಕು ತಿಂಗಳಲ್ಲಿ ಮುಖ ದುಂಡಗೆ ಊದಿ, ರಕ್ತದಲ್ಲಿ ಸಕ್ಕರೆ ಏರಿತು. ತೀರ ಜೋರಾದ ಗಂಧೆಗೆ ವೈದ್ಯರು ಕೆಲವೇ ದಿನ ಸ್ಟಿರಾಯ್ಡ್ ಗುಳಿಗೆ ಕೊಡುವುದು ಬೇರೆ ಮಾತು; ತಿಂಗಳುಗಟ್ಟ ಚುಚ್ಚಿಸಿಕೊಳ್ಳುವುದು ಎಲುಬು, ಕಣ್ಣು, ಸಕ್ಕರೆ ಎಲ್ಲವನ್ನೂ ಕೆಡಿಸಿಕೊಳ್ಳುವ ದಾರಿ. ಅಂಗಡಿಯಲ್ಲಿ ಸಿಗುವ ಸ್ಟಿರಾಯ್ಡ್ ಬೆರೆತ ಮಲಾಮುಗಳಿಂದ ಊರೆಲ್ಲ ಅಲೆಯುವ ಈ ಗಂಧೆಗೆ ಉಪಯೋಗವಿಲ್ಲ. ಗಜಕರ್ಣಕ್ಕೆ ಹಚ್ಚಿದರಂತೂ ಅದು ಇನ್ನಷ್ಟು ಹಬ್ಬುತ್ತದೆ.

ಮನೆಮದ್ದುಗಳ ಬಗ್ಗೆ ಕೇಳುವವರಿದ್ದಾರೆ. ನಮ್ಮ ಕಡೆ ಗಂಧೆ ಎದ್ದವನಿಗೆ ಕಂಬಳಿ ಹೊದಿಸುವ, ಕಂಬಳಿಯಿಂದ ಮೈ ತಿಕ್ಕುವ ವಾಡಿಕೆಯಿದೆ. ಒರಟು ಉಣ್ಣೆಯ ಉಜ್ಜುವಿಕೆ, ಒಳಗಿನ ಶಾಖ ಎರಡೂ ಮಾಸ್ಟ್ ಕೋಶಗಳನ್ನು ಕೆಣಕುವಂಥವೇ. ಕಂಬಳಿಯ ಮೇಲಿನ ಗೌರವವನ್ನು ಇಟ್ಟುಕೊಂಡೇ ಇದನ್ನು ಬಿಡಬೇಕು. ಕೊಂಕಣ, ಕರಾವಳಿಗಳಲ್ಲಿ ಮುರುಗಲ ಹುಳಿಯ ನೀರು ಹಚ್ಚುತ್ತಾರೆ. ಗಾಯವಿಲ್ಲದ ಚರ್ಮಕ್ಕೆ ತಂಪು ಕೊಡುತ್ತದೆ. ಒದ್ದೆ ಬಟ್ಟೆಯೂ, ಅಂಗಡಿಯ ಕ್ಯಾಲಮೈನ್ ನೀರೂ ಅದನ್ನೇ ಮಾಡುತ್ತವೆ, ಚಳಿಯಿಂದಲೇ ಗಂಧೆ ಏಳುವವರನ್ನು ಬಿಟ್ಟು. ಉಗುರು ಕತ್ತರಿಸಿಕೊಳ್ಳುವುದು, ಸಡಿಲವಾದ ಹತ್ತಿಯ ಬಟ್ಟೆ, ಉಗುರುಬೆಚ್ಚಗಿನ ನೀರಿನ ಸ್ನಾನ. ಕುಡಿತ ಕೆಲವರಲ್ಲಿ ಗಂಧೆಯನ್ನು ಹೆಚ್ಚಿಸುತ್ತದೆ. ನಿದ್ದೆಗೇಡು, ಮನಸ್ಸಿನ ಚಿಂತೆಗಳೂ ಹೆಚ್ಚಿಸುತ್ತವೆ, ಆದರೆ ‘ಎಲ್ಲ ಟೆನ್ಶನ್ನಿನಿಂದ’ ಎಂದು ರೋಗಿಯನ್ನೇ ದೂರುವುದು ಸರಿಯಲ್ಲ. ರಾತ್ರಿಯೆಲ್ಲ ಕೆರೆದುಕೊಂಡವನಿಗೆ ಚಿಂತೆ ಬರದೆ ಇನ್ನೇನು?

ನಮ್ಮ ಗೆಳೆಯರು ಕೊನೆಗೆ ದೊಡ್ಡ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋದರು. ಅಲ್ಲಿಯ ವೈದ್ಯರು ಮೊದಲು ಇಂಜೆಕ್ಷನ್ ನಿಲ್ಲಿಸಿದರು, ಎರಡನೆಯದಾಗಿ ಮೊಟ್ಟೆ ಬೇಳೆ ಮೊಸರು ಎಲ್ಲ ಉಣ್ಣಲು ಹೇಳಿದರು, ಆಮೇಲೆ ದಿನವೂ ಗುಳಿಗೆ ಬರೆದುಕೊಟ್ಟರು. ಮೊದಲ ಮೂರು ವಾರ ಫಲ ಸ್ವಲ್ಪವೇ. ಪ್ರಮಾಣ ಏರಿಸಿದ ಮೇಲೆ ಹಿಡಿತಕ್ಕೆ ಬಂದಿತು. ಈ ಬಗೆಯ ಗಂಧೆ ಬಹುಮಂದಿಯಲ್ಲಿ ಒಂದರಿಂದ ಐದು ವರ್ಷಗಳಲ್ಲಿ ತಾನಾಗಿಯೇ ತಣ್ಣಗಾಗುತ್ತದೆ. ಅಲ್ಲಿಯವರೆಗೆ ಗುಳಿಗೆ ಅದನ್ನು ಮಲಗಿಸಿಡುತ್ತದೆ. ಅವರು ಈಗ ಖೋಲಿಯೊಳಗೆ ಮಲಗುತ್ತಾರೆ. ತಂಬಿಗೆಯೂ ಒಳಗೆ ಬಂದಿದೆ. ಮದುವೆಯ ಮಾತು ಬೇರೆ ಕಡೆ ನಡೆಯುತ್ತಿದೆ.

ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಶೀವದ ಲೋಕಮಾನ್ಯ ತಿಲಕ, ಮುಂಬಯಿ ಸೆಂಟ್ರಲ್ ಬಳಿಯ ನಾಯರ್ ಈ ಮೂರು ನಗರಪಾಲಿಕೆಯ ಆಸ್ಪತ್ರೆಗಳಲ್ಲಿಯೂ ಚರ್ಮ ವಿಭಾಗವಿದೆ. ವೈದ್ಯರ ಸರದಿ ಬರುವ ಹೊತ್ತಿಗೆ ಗಂಧೆ ಇಳಿದುಹೋಗಿರುವುದು ಸಾಮಾನ್ಯವಾದುದರಿಂದ ಎದ್ದಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಜೊತೆಗೆ ಎರಡು ವಾರದ ಲೆಕ್ಕ ಬರೆದು ಒಯ್ಯಬೇಕು: ತಾರೀಖು, ಗಂಧೆ ಎದ್ದ ಹೊತ್ತು, ಇಳಿದ ಹೊತ್ತು, ಅದಕ್ಕೆ ಹಿಂದಿನ ಎರಡು ಗಂಟೆಯಲ್ಲಿ ತಿಂದುದು, ಮಾಡಿದ ಕೆಲಸ, ನುಂಗಿದ ಗುಳಿಗೆ. ಗುಳಿಗೆಯ ಖಾಲಿ ಪಟ್ಟಿಗಳನ್ನು ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿಟ್ಟರೆ ಸಾಕು. ಲೆಕ್ಕಕ್ಕೆ ಗೆರೆ ಹಾಕಿದ ಹಾಳೆಗಳನ್ನು ವಾಚನಾಲಯದ ಮೇಜಿನ ಎಡಗಡೆಯ ಖಾನೆಯಲ್ಲಿ ಇಟ್ಟಿದ್ದೇವೆ; ಬೇಕಾದವರು ತೆಗೆದುಕೊಳ್ಳಬಹುದು.